ಗಾಜಿನ ಮೇಲಿನ ಕೂದಲು

ಕತ್ತಿನ ಮೇಲೆ ಬಿದ್ದದ್ದು ನೀರೇ, ತಣ್ಣಗೆ ಒಂದು ಹನಿ, ಅಂಗಿಯೊಳಗೆ ಇಳಿದು ಬೆನ್ನಗುಂಟ ಹರಿಯಿತು, ಮೇಲೆ ಮಳೆಯಿಲ್ಲ, ಇಸ್ತ್ರಿ ಅಂಗಡಿಯ ಮುಂದೆ ಧೂಳು ಹಾರುತ್ತಿತ್ತು, ಹಾಗಾದರೆ ಈ ನೀರು ಎಲ್ಲಿಯದು — ಮುದುಕ ಮೇಸ್ತ್ರಿ ಕಂಬಿ ಹಿಡಿದು ನಿಂತ, ದೇವರೇ ಎಂದುಕೊಂಡ, ಮತ್ತೆ ಇಳಿದ, ನಲವತ್ತೆರಡು ಮೆಟ್ಟಿಲು, ನೆಲದಡಿಯ ಈ ರೈಲು ನಿಲ್ದಾಣ ಕಟ್ಟುವಾಗ ಒಂದೊಂದು ಮೆಟ್ಟಿಲಿನ ಮಟ್ಟ ನೋಡಿದವನು ಅವನೇ, ಈಗ ಮೊಣಕಾಲು ಒಂದೊಂದರ ಲೆಕ್ಕವನ್ನೂ ಒಪ್ಪಿಸುತ್ತದೆ. ಜೇಬಿನಲ್ಲಿ ಬಟ್ಟೆ ಸುತ್ತಿದ ಗಾಜಿನ ಎರಡು ಚೂರು, ಹೆಜ್ಜೆ ಹಾಕಿದಾಗಲೆಲ್ಲ ಎದೆಗೆ ಒತ್ತುತ್ತವೆ. ಹೆಂಡತಿ ಹೋಗಿ ಇಪ್ಪತ್ತೊಂದು ದಿನ. ಬಾಚಣಿಗೆಯಲ್ಲಿ ಅವಳದೊಂದು ನರೆಗೂದಲು ಹಾಗೇ ಇದೆ, ತೆಗೆಯಲು ಕೈ ಬರುವುದಿಲ್ಲ. ಚೂರುಗಳು ಇದ್ದದ್ದು ದೇವರ ಗೂಡಿನಲ್ಲಿ, ದೀಪದ ಹಿಂದೆ, ಹನ್ನೊಂದು ವರ್ಷ ಅಲ್ಲೇ ಇಟ್ಟಿದ್ದಳು, ಬಿಸಾಕು ಅಂದಿದ್ದೆನಲ್ಲೇ ಎಂದರೆ ಅವಳದು ಒಂದೇ ಮಾತು, ಬಿಸಾಕೋಕೆ ಇದೇನು ಹಳೇ ಚಪ್ಪಲಿನಾ, ನೀವು ಹೋಗಿ ನಿಜ ಹೇಳೋ ತನಕ ಇದು ಅವನ ಮುಂದೇನೇ ಇರುತ್ತೆ, ಅವನೂ ನೋಡ್ತಾ ಇರಲಿ. ನೋಡುತ್ತಲೇ ಇದ್ದ, ಹನ್ನೊಂದು ವರ್ಷ, ದಿನಕ್ಕೆರಡು ಹೊತ್ತು ಅದೇ ಗೂಡಿನ ಮುಂದೆ ಮೇಸ್ತ್ರಿ ಕಣ್ಣು ಮುಚ್ಚಿ ಕೈ ಮುಗಿದಿದ್ದ.

ಗೋಡೆ ಬಿರುಕು ಬಿಟ್ಟರೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಡಬೇಕು, ಎರಡೂ ತುದಿಗೆ ಸಿಮೆಂಟು ಮೆತ್ತಿ ತಾರೀಖು ಗೀಚಬೇಕು, ಗೋಡೆ ಕದಲಿದರೆ ಮೊದಲು ಗಾಜು ಸೀಳುತ್ತದೆ, ಗೋಡೆ ಸುಳ್ಳು ಹೇಳೀತು ಗಾಜು ಹೇಳದು ಎನ್ನುತ್ತಿದ್ದ ಕಸುಬು ಕಲಿಸಿದ ಸೋದರಮಾವ, ಪಾಪ, ಗಾಜಿಗೂ ಸುಳ್ಳು ಕಲಿಸಿದವನು ಅವನ ಅಳಿಯನೇ. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಹಿಂದೆ, ಹನ್ನೊಂದು ವರ್ಷದ ಕೆಳಗೆ ಒಂದು ಬೆಳಿಗ್ಗೆ, ಗಾಜಿಗೆ ಕೂದಲು ಅಂಟಿದೆ ಎಂದು ಹೆಬ್ಬೆರಳಿನಿಂದ ಒರೆಸಿದ್ದ, ಹೋಗಲಿಲ್ಲ, ಕೂದಲಲ್ಲ, ಸೀಳು. ಇಂಜಿನಿಯರ್ ಸಾಹೇಬರು ಗಡಿಯಾರ ನೋಡಿಕೊಂಡರು, ನಾಳೆ ತಪಾಸಣೆಗೆ ದೊಡ್ಡೋರು ಬರ್ತಾರೆ ಮೇಸ್ತ್ರಿ, ಹೊಸದು ಹಾಕ್ಬಿಡು, ತಾರೀಖು ಮಾತ್ರ ಹಳೇದೇ ಇರಲಿ, ಗೋಡೆ ನಾನೂ ನೀನೂ ಹೋದ ಮೇಲೂ ನಿಂತಿರುತ್ತೆ ಬಿಡು. ಹಾಕಿದ. ಸೀಳಿದ ಗಾಜಿನ ಎರಡೂ ಚೂರು ಜೇಬಿಗಿಟ್ಟ, ಹಳೆಯ ತಾರೀಖನ್ನೇ ಗೀಚಿದ, ಕೈ ನಡುಗಲಿಲ್ಲ, ಈಗ ಹೆದರಿಸುವುದು ಅದೇ, ಕೈ ಯಾಕೆ ನಡುಗಲಿಲ್ಲ. ಆಮೇಲೆ ಮೇಲಿನ ಬೀದಿಗಳಲ್ಲಿ ಬಾಗಿಲುಗಳು ಚೌಕಟ್ಟಿಗೆ ಕೂರದಾದವು, ಪ್ರಿಂಟಿಂಗ್ ಪ್ರೆಸ್ಸಿನ ನೆಲಕ್ಕೆ ಗೋಲಿ ಬಿಟ್ಟರೆ ತಾನಾಗಿ ಉರುಳುತ್ತದೆ, ಶಾಲೆಯ ಕಾಂಪೌಂಡು ಹೊಟ್ಟೆ ಬಿಟ್ಟಿದೆ, ಅವನ ಮನೆಯಲ್ಲೇ ಅವಳು ನೀರಿನ ಲೋಟ ತೋರಿಸಿದ್ದಳು, ನೋಡಿ, ರೈಲು ಹೋದ್ಮೇಲೂ ನೀರು ನಡುಗ್ತಾನೇ ಇದೆ, ಮಗಳು ದಿನಾ ಅದರಲ್ಲೇ ಬರೋದು, ನಿಮಗೆ ಕರುಳು ಅನ್ನೋದು ಇದೆಯೋ ಇಲ್ಲವೋ. ಇತ್ತು. ಬಾಯಿ ಇರಲಿಲ್ಲ.

ಇವತ್ತು ಬಾಯಿ ಬಂತು, ಈಗಷ್ಟೇ, ಮೇಲೆ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ, ಮಾಸ್ತರರು ಕನ್ನಡಕದ ಹೆಂಗಸು, ಆಕೆಯ ಮೇಜಿನ ಮೇಲೆ ಚೂರು ಬಿಚ್ಚಿಟ್ಟು ಎಲ್ಲ ಹೇಳಿದ, ಹನ್ನೊಂದು ವರ್ಷದ ಮಾತು ನಾಲ್ಕೇ ಉಸಿರಿನಲ್ಲಿ ಮುಗಿಯಿತು, ಆಕೆ ರಿಜಿಸ್ಟರು ತೆರೆದು ಬೆರಳಿಟ್ಟು ಓದಿದಳು, ಹೋದ ವಾರವೇ ತಪಾಸಣೆ ಆಗಿದೆ ಅಜ್ಜ, ಗಾಜು ಸರಿಯಾಗಿದೆ ಅಂತ ಬರೆದಿದ್ದಾರೆ, ನೀವು ಹಾಕಿದ್ದೇ ಇನ್ನೂ ಇದೆ, ಎಂಥಾ ಕೈ ನಿಮ್ಮದು, ಅಜ್ಜೀನ ಕಳ್ಕೊಂಡಿದ್ದೀರಿ, ಮನಸ್ಸು ಏನೇನೋ ಹೇಳುತ್ತೆ, ಐದೂವರೆ ರೈಲಿಗೆ ಮಗಳು ಬರ್ತಾರಲ್ಲ, ಇಬ್ಬರೂ ಹೋಗಿ ಬಿಸಿಯಾಗಿ ಟೀ ಕುಡೀರಿ. ಇರಬಹುದು, ಆಕೆ ಹೇಳಿದ್ದೇ ನಿಜವಿರಲಿ ತಂದೆ. ಮೆಟ್ಟಿಲು ಮುಗಿಯಿತು, ಕೊನೆಯ ಬೆಂಚು. ಗಾಜು ಇದೆ, ಇಡಿಯಾಗಿದೆ, ತಾರೀಖು ಅದೇ, ಎದೆಯ ಮೇಲಿನ ಕಲ್ಲು ಇಳಿದ ಹಾಗೆ — ಆದರೆ ತಾರೀಖಿನಲ್ಲಿ ಆ ಏಳರ ಅಂಕಿ, ತಾನು ಏಳರ ನಡುವಿಗೆ ಅಡ್ಡಗೆರೆ ಎಳೆಯುವವನು, ಇದಕ್ಕೆ ಅಡ್ಡಗೆರೆಯಿಲ್ಲ. ಸಿಮೆಂಟು ಉಗುರಿಗೆ ಪುಡಿಯಾಗಿ ಬಂತು, ವಾರದ ಹಿಂದಿನದು, ಯಾರೋ ಇನ್ನೊಬ್ಬ ಮೇಸ್ತ್ರಿ, ದೊಡ್ಡವರು ಬರುವ ಹಿಂದಿನ ದಿನ, ತನ್ನ ಸುಳ್ಳಿನ ಮೇಲೆ ಅವನದೊಂದು, ನಡುವೆ ಇನ್ನೆಷ್ಟು ಗಾಜು ಸೀಳಿದವೋ, ಅವನ ಕೈಯೂ ನಡುಗಲಿಲ್ಲವೇನೋ. ಅಂಗಾಲಿನಡಿ ನೆಲ ಗುಂಯ್‌ಗುಟ್ಟಿತು, ಸುರಂಗದಿಂದ ಗಾಳಿ, ಅಜ್ಜ, ಹಳದಿ ಗೆರೆ ಬಿಟ್ಟು ಹಿಂದೆ ಬನ್ನಿ ಎನ್ನುತ್ತಾನೆ ಕಾವಲಿನವನು, ಮಗಳು ಮೂರನೇ ಬೋಗಿ, ಯಾವಾಗಲೂ ಬಾಗಿಲ ಪಕ್ಕ, ನಿಲ್ಲಿಸಿ ಎಂದು ಕೂಗಬೇಕು, ಬಾಯಿ ತೆರೆದ, ದೇವರ ಹೆಸರಷ್ಟೇ ಬಂತು, ರೈಲಿನ ಬೆಳಕು ಗೋಡೆ ಸವರಿ ಗಾಜಿನ ಮೇಲೆ ಬಿತ್ತು, ಗಾಜಿನ ಮೇಲೊಂದು ಕೂದಲು, ಮೂಲೆಯಿಂದ ಮೂಲೆಗೆ, ಬಿಳಿಯದು, ಈಗ ತಾನೇ ಇರಲಿಲ್ಲ, ಅವಳ ಬಾಚಣಿಗೆಯದೇ ಇರಬೇಕು, ಅಂಗಿಗೆ ಅಂಟಿ ಬಂದಿರಬೇಕು, ಅವಳದೇ ಆಗಿರಲಿ, ಹೆಬ್ಬೆರಳಿನಿಂದ ಒರೆಸಿದ, ಮತ್ತೆ ಒರೆಸಿದ, ಕೂದಲು, ಒರೆಸಿದ, ಕೂದಲು —