ದೇವೇಂದ್ರನ ರಾಶಿಯಲ್ಲಿ ಹಸಿರು ಕಾಯಿ

ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕುಯ್ದವರು ಸಂಜೆ ತೂಕಕ್ಕೆ ಮುಂಚೆ ಗೋಣಿತಾಟಿನ ಮೇಲೆ ಹಣ್ಣು ಸುರಿದುಕೊಂಡು, ಹಸಿರು ಕಾಯಿಗಳನ್ನು ಆರಿಸಿ ತೆಗೆಯಬೇಕು. ಆ ಕೆಲಸ ದೇವೇಂದ್ರನ ಕೈಲಾಗುತ್ತದೋ ಇಲ್ಲವೋ ಎಂದು ಮೇಸ್ತ್ರಿ ಯೋಗೇಶ್ ಇವತ್ತು ನೋಡುವವನಿದ್ದ. ಆಗುತ್ತದೆ ಎಂದರೆ ನಾಳೆಯಿಂದಲೇ ಕೆಲಸ.

ದೇವೇಂದ್ರನಿಗೆ ಸ್ಕಿಜೋಫ್ರೇನಿಯಾ. ಇಲ್ಲದ ದನಿ ಕೇಳಿ, ಇಲ್ಲದವರನ್ನು ಕಂಡು ಆರು ವರ್ಷ ಬೆದರಿದವನು. ಮಾತ್ರೆಗೆ ದನಿಗಳು ಅಡಗಿದರೂ ಗಮನ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೂಡಿಗೆರೆಯ ತರಬೇತಿ ಕೇಂದ್ರದಲ್ಲಿ ವಿಮಲಮ್ಮ ಎಂಟು ತಿಂಗಳು ಅವನನ್ನು ಕೂರಿಸಿಕೊಂಡು ಬಣ್ಣಬಣ್ಣದ ಗುಂಡಿಗಳನ್ನು ಬೇರೆ ಮಾಡಿಸಿದ್ದರು. ಮೊದಮೊದಲು ಹತ್ತು ನಿಮಿಷ, ಬರಬರುತ್ತ ಒಂದು ಗಂಟೆ. ಮುಗಿದ ಮೇಲೆ ಮೂರು ಸಲ ನೋಡಬೇಕು. ಕಂಡದ್ದು ನಿಜವೋ ಅಲ್ಲವೋ ಎಂಬ ಅನುಮಾನ ಬಂದರೆ ನಂಬಿಕೆಯವರನ್ನು ಕೇಳಬೇಕು. ನಂಬಿಕೆಯವರು ಯಾರು ಎಂದು ಕೇಳಿದಾಗ ಅವನು ಹೇಳಿದ್ದು ತಂಗಿ ಮೋನಿಕಾಳ ಹೆಸರು.

ಮೋನಿಕಾ ಅದೇ ಎಸ್ಟೇಟಿನಲ್ಲಿ ಹಣ್ಣು ಕುಯ್ಯುತ್ತಿದ್ದಳು. "ಅವನೇ ಮಾಡ್ಲಿ, ನೀನು ಕೈ ಹಾಕ್ಬೇಡ" ಎಂದು ವಿಮಲಮ್ಮ ಅವಳಿಗೆ ಹೇಳಿ ಕಳಿಸಿದ್ದರು.

ಮಿಕ್ಕವರು ಆರಿಸಿದ ರಾಶಿ ಮೊಣಕಾಲೆತ್ತರ ಇತ್ತು. ದೇವೇಂದ್ರನದು ಒಂದು ಮೊರದಷ್ಟು. ಅವನು ಒಂದೊಂದೇ ಹಣ್ಣು ತಿರುವಿ ನೋಡುತ್ತಿದ್ದ.

"ಏನೇ ಮೋನಿಕಾ, ನಿಮ್ಮಣ್ಣ ಒಂದೊಂದು ಹಣ್ಣಿಗೂ ಹೆಸ್ರಿಡ್ತಿದಾನಾ?" ಎಂದಳು ಜವರಮ್ಮ. ಹೆಂಗಸರೆಲ್ಲ ನಕ್ಕರು. ಮೋನಿಕಾ ತಾನೂ ನಕ್ಕಳು. ಕಿವಿ ಮಾತ್ರ ಸುಡುತ್ತಿತ್ತು.

ಮೂರನೇ ಸಲ ನೋಡಿ ಮುಗಿಸಿ ದೇವೇಂದ್ರ ಮೇಸ್ತ್ರಿಯನ್ನು ಕರೆಯಲು ಹೋದ. ಯಾರೂ ಇತ್ತ ನೋಡದಾಗ ಮೋನಿಕಾ ತನ್ನ ಚೀಲದ ತಳದಲ್ಲಿ ಉಳಿದಿದ್ದ ಹಣ್ಣನ್ನು ಅವನ ರಾಶಿಗೆ ಸುರಿದುಬಿಟ್ಟಳು. ಸ್ವಲ್ಪ ದೊಡ್ಡದಾಗಿ ಕಾಣಲಿ ಎಂದಷ್ಟೇ. ಅದನ್ನು ತಾನು ಇನ್ನೂ ಆರಿಸಿರಲಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಯೋಗೇಶ್ ಬಂದು ರಾಶಿಯೊಳಗೆ ಕೈ ಹಾಕಿದ. ಅಂಗೈ ತುಂಬ ಹಸಿರು ಕಾಯಿ ಬಂತು.

"ಇದೇನು ಮಾರಾಯ! ಇಷ್ಟು ಕಾಯಿ ಸಿಪ್ಪೆ ಸುಲಿಯೋ ಪಲ್ಪರ್‌ಗೆ ಹೋದ್ರೆ ಸಾವ್ಕಾರ್ರು ನನ್ನ ಬಿಡ್ತಾರಾ? ನಿನ್ ಕೈಲಾಗಲ್ಲ, ಬಿಡು."

ದೇವೇಂದ್ರ ಸಿಟ್ಟಾಗಲಿಲ್ಲ. ರಾಶಿಯನ್ನೇ ನೋಡುತ್ತ ನಿಂತ. ಮುಖದಲ್ಲಿ ಹಳೆಯ ಹೆದರಿಕೆ ಬಂದು ಕೂತಿತ್ತು. ಕೊನೆಗೆ, ಕಲಿಸಿದ್ದಂತೆಯೇ, ತಂಗಿಯ ಕಡೆ ತಿರುಗಿದ.

"ಮೋನಿ, ಮೂರು ಸಲ ನೋಡ್ದೆ. ಹಸ್ರು ಕಾಣ್ಲಿಲ್ಲ. ರಾಶಿನೂ ದೊಡ್ಡದಾದಂಗೆ ಕಾಣ್ತಿದೆ. ನಂಗೆ ಮತ್ತೆ ಶುರುವಾಯ್ತಾ? ನೀನು ಹೇಳು."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಅಣ್ಣ ಇನ್ನೆಂದೂ ತನ್ನ ಕಣ್ಣನ್ನು ನಂಬುತ್ತಿರಲಿಲ್ಲ.

"ಇಲ್ಲ ಅಣ್ಣ," ಎಂದಳು. "ನೀನು ನೋಡಿದ್ದೇ ಸರಿ. ಆಗ ಹಸ್ರು ಇರ್ಲಿಲ್ಲ. ನಾನೇ ನನ್ ಚೀಲದ್ದು ಸುರಿದೆ."

"ಯಾಕೆ?"

"ನಿನ್ ರಾಶಿ ಸಣ್ಣದಿತ್ತು. ಇವ್ರೆಲ್ಲ ನಗ್ತಿದ್ರು. ನಂಗೆ... ನಾಚ್ಕೆ ಆಯ್ತು."

ಈಗ ಯಾರೂ ನಗಲಿಲ್ಲ. ಜವರಮ್ಮ ಸೆರಗು ಸರಿ ಮಾಡಿಕೊಂಡಳು. ಯೋಗೇಶ್ ತಕ್ಕಡಿಯ ಕಡೆ ನೋಡಿ, "ಹಣ್ಣು ಒಯ್ಯೋ ಟ್ರ್ಯಾಕ್ಟರ್ ಬರೋಕೆ ಇನ್ನೂ ಹೊತ್ತಿದೆ. ಆರ್ಸು ಮಾರಾಯ, ಇನ್ನೊಂದ್ಸಲ ನೋಡ್ತೀನಿ" ಎಂದ.

ದೇವೇಂದ್ರ ಕೂತ. ಮೋನಿಕಾ ಕೂಡ ಬಗ್ಗಿ ಕೈ ಚಾಚಿದಳು. ಅವನು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬೈಯಲಿಲ್ಲ. ಸಿಕ್ಕ ಹಸಿರು ಕಾಯಿಗಳನ್ನು ಒಂದೊಂದಾಗಿ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಅವಳ ಚೀಲಕ್ಕೇ ವಾಪಸ್ ಹಾಕತೊಡಗಿದ. ಮೋನಿಕಾ ಚೀಲದ ಬಾಯಿ ಅಗಲಿಸಿ ಹಿಡಿದು, ತಲೆ ತಗ್ಗಿಸಿ ಕೂತಳು.