ಬೆರಳು ಓಡಿದ ಪುಟ

ಮಗಳು ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಪುಸ್ತಕದ ಮೇಲೆ ಬೆರಳು ಓಡಿಸುತ್ತ ಪಟಪಟನೆ ಪಾಠ ಹೇಳುತ್ತಿದ್ದಳು. ತೊಳೆಯುತ್ತಿದ್ದ ಪಾತ್ರೆಯನ್ನು ಹಿಡಿದುಕೊಂಡೇ ತಾಯಿ ನಿಂತುಬಿಟ್ಟಳು. ಮೂವತ್ತು ವರ್ಷದ ಹಿಂದೆ ಕಾಣೆಯಾದ ತನ್ನ ಅಣ್ಣನೇ ಬಂದು ಬೆನ್ನ ಹಿಂದೆ ಕೂತು ಹೇಳುತ್ತಿದ್ದಾನೇನೋ ಅನ್ನಿಸಿತು. ಅದೇ ಏರಿಳಿತ, ಸಾಲಿನ ಕೊನೆಗೆ ಅದೇ ಸಣ್ಣ ನಿಲುಗಡೆ. ಓದುವವರಿಗೆ ಆ ನಿಲುಗಡೆ ಬೇಕಿಲ್ಲ, ಓದುವವರಂತೆ ಕಾಣಬೇಕಾದವರಿಗೆ ಬೇಕು.

ತಾಯಿಯದು ಬೈಂಡಿಂಗ್ ಕೆಲಸ. ಪುಸ್ತಕ ಕಟ್ಟಿ ಹೊಟ್ಟೆ ಹೊರೆಯುವವಳ ಮಗಳಿಗೆ ಪುಸ್ತಕ ಓದಲು ಬಾರದು. ವಿಧಿಗೂ ಒಮ್ಮೊಮ್ಮೆ ತಮಾಷೆಯ ಚಟ. ಹಾಗಂತ ಹುಡುಗಿ ದಡ್ಡಿಯೇ? ಬಾಯಿ ತೆರೆದರೆ ದೊಡ್ಡವರ ಬಾಯಿ ಮುಚ್ಚಿಸುತ್ತಾಳೆ, ಅದಕ್ಕೇ ಮನೆಯಲ್ಲಿ ಅವಳು ‘ವಕೀಲಮ್ಮ’. ಎಂಟನೇ ವಯಸ್ಸಿಗೇ, ಕೆಟ್ಟು ಕೂತಿದ್ದ ಹೊಲಿಗೆ ಯಂತ್ರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಓಡಿಸಿ ತೋರಿಸಿದವಳು. ಅಕ್ಷರಗಳು ಮಾತ್ರ ಅವಳ ಮುಂದೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪರೀಕ್ಷಿಸಿದ ಡಾಕ್ಟರಮ್ಮ ಡಿಸ್ಲೆಕ್ಸಿಯಾ ಅಂದರು. “ಬುದ್ಧಿಗೇನೂ ಕಮ್ಮಿ ಇಲ್ಲಮ್ಮ. ಕಲಿಸೋ ದಾರಿ ಬೇರೆ ಆಗ್ಬೇಕು, ಅಷ್ಟೇ.”

ಆ ವಾರವೇ ದೊಡ್ಡ ಶಾಲೆಯ ಮುನ್ನೂರು ವಾಚನ ಪುಸ್ತಕ ಕಟ್ಟಿ ಕೊಡಬೇಕಿತ್ತು. ಕೈ ತನ್ನ ಪಾಡಿಗೆ ಹಾಳೆ ಮಡಚುತ್ತಿತ್ತು, ಹೊಲಿಯುತ್ತಿತ್ತು, ಅಂಟು ಬಳಿಯುತ್ತಿತ್ತು. ತಲೆ ಎಲ್ಲೋ ಇತ್ತು.

ಮಗಳನ್ನು ಸೇರಿಸಲು ಊರಲ್ಲಿ ಖಾಸಗಿ ಶಾಲೆಗಳು ಎರಡಿದ್ದವು. ಒಂದು ಈ ದೊಡ್ಡ ಶಾಲೆ: ಎತ್ತರದ ಗೇಟು, ಗಾಜಿನ ಬೀರುವಿನ ತುಂಬ ಪದಕ. ಇನ್ನೊಂದು ಟೈಲ್ಸ್ ಅಂಗಡಿಯ ಮಹಡಿಯ ಮೇಲೆ, ಇಂಥ ಮಕ್ಕಳಿಗೆಂದೇ ಇದ್ದದ್ದು. ಒಟ್ಟು ಹನ್ನೆರಡು ಮಕ್ಕಳು, ತಟ್ಟೆಯಲ್ಲಿ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು.

“ಅಲ್ಲಿ ಹಾಕಿದ್ರೆ ನೆಂಟರಿಷ್ಟರೆಲ್ಲ ಬೆರಳು ತೋರಿಸ್ತಾರೆ ಕಣೇ,” ಅಂದ ಗಂಡ. ಅವನು ಕರೆಂಟಿನ ಕಂಬ ಹತ್ತುವವನು, ಕಂಬದ ಮೇಲೆ ಇಲ್ಲದ ಹೆದರಿಕೆಯೆಲ್ಲ ನೆಲದ ಮೇಲೆ. “ದೊಡ್ಡ ಶಾಲೇಲಿ ಓದೋ ಪರೀಕ್ಷೆ ಒಂದು ದಾಟಿಸಿಬಿಡು. ಆಮೇಲೆ ವಕೀಲಮ್ಮ ಹೇಗೋ ನಿಭಾಯಿಸ್ತಾಳೆ.”

ಹೇಗೋ ಎಂಬ ಮಾತು ಅವಳಿಗೆ ಹೊಸದಲ್ಲ. ಅಣ್ಣನ ವಿಷಯದಲ್ಲೂ ಮನೆಯವರೆಲ್ಲ ಹೇಗೋ ಅಂದವರೇ. ಆದರೂ ಒಪ್ಪಿದಳು, ಏಕೆಂದರೆ ದಾಟಿಸುವ ದಾರಿ ಅವಳಿಗೆ ಗೊತ್ತಿತ್ತು. ಆ ಶಾಲೆಯಿಂದ ರಿಪೇರಿಗೆ ಬರುವ ಹಳೆಯ ಪ್ರತಿಗಳಲ್ಲೆಲ್ಲ ಕೊಳೆ ಹಿಡಿದು ಮೂಲೆ ಸವೆದಿರುವುದು ಏಳನೇ ಪಾಠದ ಪುಟಗಳೇ. ಪರೀಕ್ಷೆಗೆ ಪ್ರತಿ ವರ್ಷ ಅದನ್ನೇ ಓದಿಸುತ್ತಾರೆಂದು ಯಾರೂ ಹೇಳಬೇಕಿರಲಿಲ್ಲ. ಅವಳು ಓದಿ ಹೇಳಿದಳು. ಮಗಳು ಎರಡೇ ದಿನಕ್ಕೆ ಬಾಯಿಪಾಠ ಒಪ್ಪಿಸಿದಳು.

ಅಣ್ಣನಿಗೂ ಅವಳೇ ಓದಿ ಹೇಳುತ್ತಿದ್ದದ್ದು. ಅವನಿಗೆ ಹತ್ತು ವರ್ಷ, ಅವಳಿಗೆ ಎಂಟು. ದಿನಾ ಸಂಜೆ ಇವಳು ಓದುವುದು, ಅವನು ನೆನಪಿಟ್ಟುಕೊಂಡು ಮರುದಿನ ತರಗತಿಯಲ್ಲಿ ಬೆರಳು ಓಡಿಸುವುದು. ಒಂದು ಸಂಜೆ ಪೆನ್ಸಿಲಿಗಾಗಿ ಜಗಳವಾಯಿತು. “ಓದಿ ಹೇಳಲ್ಲ, ಹೋಗು!” ಅಂದಳು. ಮರುದಿನ ಮೇಷ್ಟ್ರು ಅವಳು ಓದಿ ಹೇಳದ ಆ ಹೊಸ ಪಾಠವನ್ನೇ ಓದಿಸಿದರು. ಗಂಟೆ ಹೊಡೆಯುವ ತನಕ ಅಣ್ಣ ಪುಸ್ತಕ ಹಿಡಿದು ಎಲ್ಲರ ಮುಂದೆ ಸುಮ್ಮನೆ ನಿಂತಿದ್ದನಂತೆ. ಸಂಜೆ ಮನೆಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಪೆನ್ಸಿಲ್ ಅವಳ ಬಳಿಯೇ ಉಳಿಯಿತು.

ದೊಡ್ಡ ಶಾಲೆಯ ಹೆಡ್‌ಮೇಡಂ ಹೊಚ್ಚಹೊಸ ಪ್ರತಿಯೊಂದನ್ನು ಮೇಜಿನ ಮೇಲಿಟ್ಟು ಏಳನೇ ಪಾಠ ತೆಗೆದುಕೊಟ್ಟರು. ಕನ್ನಡಕ ತೆಗೆದು, ಕಣ್ಣು ಅರೆ ಮುಚ್ಚಿ, ಕುರ್ಚಿಗೆ ಒರಗಿದರು. ಇಪ್ಪತ್ತು ವರ್ಷ ಕೇಳಿದ ಪಾಠ, ಅವರಿಗೂ ಬಾಯಿಪಾಠವೇ ಆಗಿತ್ತು.

ದೀಪಸ್ತಂಭದ ಕಾವಲುಗಾರನ ಕಥೆ ಸಲೀಸಾಗಿ ಸಾಗಿತು. ಎಡಗಡೆಯ ಪುಟ ಮುಗಿಸಿ ಮಗಳ ಬೆರಳು ಬಲಪುಟಕ್ಕೆ ದಾಟಿತು. ತಾಯಿಯ ಕಣ್ಣೂ ದಾಟಿತು. ಅಲ್ಲಿ ಕಾವಲುಗಾರನೂ ಇಲ್ಲ, ದೀಪವೂ ಇಲ್ಲ. ಇದ್ದದ್ದು ಹಿಂದೆಯೇ ಬಂದುಹೋದ ಜೇನುಹುಳುಗಳ ಪಾಠ. ಹದಿನಾರು ಪುಟಗಳ ಒಂದು ಕಟ್ಟನ್ನು ಎರಡು ಸಲ ಸೇರಿಸಿ ಹೊಲಿದಿದ್ದಳು, ತಲೆ ಎಲ್ಲೋ ಇದ್ದ ಆ ವಾರ, ತನ್ನದೇ ಕೈಯಿಂದ.

ಮಗಳ ಬೆರಳು ಅರೆಗಳಿಗೆ ತಡೆಯಿತು. ಮತ್ತೆ ಓಡಿತು. ಜೇನುಹುಳುಗಳ ಮೇಲೆ ಬೆರಳು, ಬಾಯಲ್ಲಿ ಕಾವಲುಗಾರ. ಆ ದನಿ ಮಗಳದಾಗಿರಲಿಲ್ಲ. ಅಣ್ಣ ಹೇಳುತ್ತಿದ್ದ, ಸಾಲಿನ ಕೊನೆಗೆ ನಿಂತು ತಂಗಿಯ ಕಡೆ ನೋಡುತ್ತಿದ್ದ.

“ಭೇಷ್! ಎಷ್ಟು ಚೆನ್ನಾಗಿ ಓದ್ತಾಳೆ,” ಎಂದು ಹೆಡ್‌ಮೇಡಂ ಪ್ರವೇಶದ ಫಾರಂ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿದ್ದರೆ ಸಾಕಿತ್ತು. ಸೀಟು ಕೈಗೆ ಬಂದಿತ್ತು, ಮನೆಯಲ್ಲಿ ಗಂಡನ ಮುಖ ಅರಳುತ್ತಿತ್ತು. ಆಮೇಲೆ ಎಂಟನೇ ಪಾಠ, ಒಂಬತ್ತನೆಯದು, ಯಾರೂ ಓದಿ ಹೇಳದ ಯಾವುದೋ ಒಂದು ಪಾಠ.

“ಮೇಡಂ, ಅವಳು ಓದಲಿಲ್ಲ.” ತಾಯಿ ಬಲಪುಟದ ಮೇಲೆ ಕೈಯಿಟ್ಟಳು. “ಇಲ್ಲಿರೋದು ಬೇರೆ ಪಾಠ. ನಾನೇ ಬಾಯಿಪಾಠ ಮಾಡಿಸಿದ್ದೆ. ಅವಳಿಗೆ ಓದೋದು ಕಷ್ಟ.”

ಹೆಡ್‌ಮೇಡಂ ಕನ್ನಡಕ ಹಾಕಿ ಪುಟ ನೋಡಿದರು. “ಈ ಪುಸ್ತಕ ಕಟ್ಟಿದ್ದು ನೀವೇ ಅಲ್ವಾ?”

“ಹೌದು. ಎರಡು ತಪ್ಪೂ ನಂದೇ.”

ಪೆನ್ನಿಗೆ ಮುಚ್ಚಳ ಬಿತ್ತು. “ಇಲ್ಲಿ ಒಂದೊಂದು ತರಗತೀಲಿ ನಲವತ್ತೈದು ಮಕ್ಕಳಮ್ಮ. ಇವಳೊಬ್ಬಳಿಗೋಸ್ಕರ ಯಾರೂ ನಿಲ್ಲಲ್ಲ.” ಆಕೆ ಸುಳ್ಳು ಹೇಳಲಿಲ್ಲ. ಅಷ್ಟೇ ದೊಡ್ಡ ಉಪಕಾರ.

ಮನೆಗೆ ಹೋಗದೆ ತಾಯಿ ನೇರ ಟೈಲ್ಸ್ ಅಂಗಡಿಗೆ ನಡೆದಳು. ಮಹಡಿಯ ಮೆಟ್ಟಿಲಿನಲ್ಲಿ ಕೂತಳು. ಮಗಳು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

“ಅಮ್ಮಾ, ಆ ಪುಟ ಬೇರೆ ಅಂತ ನಂಗೆ ಗೊತ್ತಿತ್ತು.”

“ಹೇಗೆ?”

“ಮನೇಲಿರೋ ಪುಸ್ತಕದಲ್ಲಿ ಆ ಪುಟದ ಕೆಳಗೆ ಅರ್ಧ ಸಾಲು ಖಾಲಿ. ಅಲ್ಲಿ ತುಂಬಿತ್ತು.”

“ಮತ್ಯಾಕೆ ನಿಲ್ಲಿಸ್ಲಿಲ್ಲ?”

“ನಿಲ್ಲಿಸಿದ್ರೆ ನೀನು ಅಳ್ತೀಯ ಅಂತ ಭಯ ಆಯ್ತು.”

ತಾಯಿಗೆ ದುಃಖ ಉಕ್ಕಿ ಬಂತು. ಅಣ್ಣನೂ ಯಾರದೋ ಅಳುವಿಗೆ ಹೆದರಿಯೇ ಮನೆಗೆ ಬಾರದೆ ಹೋದನೇನೋ. ಮಗಳಿಗೆ ಅವಳು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು, ಪೆನ್ಸಿಲನ್ನೂ ಬಿಡದೆ.

“ಆ ದಿನ ಮಾವಂಗೆ ಬರದೆ ಇದ್ದ ಪಾಠ ಯಾವ್ದು?” ಎಂದು ಮಗಳು ಕೇಳಿದಳು.

ತಾಯಿ ಬಾಯಿ ತೆರೆದಳು. ಪಾಠ ಬಂತು. ದೋಣಿಯವನು, ಅವನ ಹೊಳೆ, ದಡದಲ್ಲಿ ಕಾಯುವ ಜನ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದಕ್ಷರ ತಪ್ಪದೆ. ಮೂವತ್ತು ವರ್ಷ ಅದು ಅವಳ ನಾಲಿಗೆಯ ಮೇಲೆಯೇ ಕಾದು ಕೂತಿತ್ತು.

ಮಗಳು ಬೆರಗಾಗಿ ನೋಡಿದಳು. “ಪುಸ್ತಕ ಇಲ್ದೆ ಇಷ್ಟುದ್ದ! ಯಾರಿಗೆ ಹೇಳೋಕೆ ಕಲ್ತಿದ್ದೆ?”

ತಾಯಿ ಕೆಳಗೆ ಬೀದಿಯ ಕಡೆ ನೋಡಿದಳು. ಮಗಳೇ ಅವಳ ಕೈ ಹಿಡಿದು ಎಬ್ಬಿಸಿದಳು. “ಬಾ. ನಂಗೆ ಓದೋಕೆ ಬರಲ್ಲ ಅಂತ ಇಲ್ಲಿ ನಾನೇ ಹೇಳ್ತೀನಿ.”

ಮೇಲೆ ಬಾಗಿಲು ತೆರೆದಿತ್ತು. ಒಳಗೆ ಕಾಲಿಡುವ ಮುನ್ನ ತಾಯಿ ಹಿಂತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. “ಬಾಗಿಲು ಹಾಕ್ಕೊಂಡು ಬನ್ನಿ,” ಎಂದು ಒಳಗಿನಿಂದ ಟೀಚರ್ ಕರೆದರು. ಅವಳು ಹಾಕಲಿಲ್ಲ.