ಇಪ್ಪತ್ತನೆಯ ಕುಡುಕ

ಕುಡಿಯುವವನಿಗೆ ಸರ್ಕಾರದ ಕಡತದಲ್ಲಿ ಜಾಗವಿದೆ, ಬಿಟ್ಟವನಿಗೆ ಇಲ್ಲ. ಈ ಸಂಗತಿ ಮಾಜಿಗೆ ತಿಳಿಯುವಷ್ಟರಲ್ಲಿ ಅವನು ಬಿಟ್ಟು ಆರು ವರ್ಷ ನಾಲ್ಕು ತಿಂಗಳಾಗಿತ್ತು.

ಮಾಜಿ ಅವನ ಹೆಸರಲ್ಲ. ಹಗಲೆಲ್ಲ ಒಂದು ಕನ್ನಡಕದ ಅಂಗಡಿಯ ಹಿಂದಿನ ಮೇಜಿನಲ್ಲಿ ಕೂತು ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಸಾಸಿವೆಗಿಂತ ಸಣ್ಣ ಸ್ಕ್ರೂ ತಿರುಗಿಸುವುದು ಅವನ ಕಸುಬು. ಒಂದು ಕಾಲಕ್ಕೆ ಅದೇ ಕೈಗೆ ಲೋಟ ಕೊಟ್ಟರೆ ನೀರು ಅರ್ಧ ಅಂಗಿಗೆ, ಅರ್ಧ ನೆಲಕ್ಕೆ ಹೋಗುತ್ತಿತ್ತು. ಪ್ರತಿ ಗುರುವಾರ ಸಂಜೆ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಡಿತ ಬಿಡಬೇಕೆಂದಿರುವವರ ಒಂದು ಕೂಟ ಸೇರುತ್ತದೆ. ಅಲ್ಲಿ ಅವನಷ್ಟು ಕಾಲ ತಡೆದುಕೊಂಡವರು ಇನ್ನೊಬ್ಬರಿಲ್ಲ. ಅದಕ್ಕೇ ಈ ಬಿರುದು. "ಮಂತ್ರಿ ಮಾಜಿ ಆದ್ರೆ ಪಿಂಚಣಿ ಬರತ್ತೆ, ನಮ್ಮ ಮಾಜಿಗೆ ಬರೀ ಟೀ" ಎಂದು ಬಡಗಿ ಚುಡಾಯಿಸುತ್ತಿದ್ದ. ಬಡಗಿ ತಾನು ನಾಲ್ಕು ಸಲ ಬಿಟ್ಟು ಐದು ಸಲ ಹಿಡಿದವನು. ಅವನ ಲೆಕ್ಕ ಯಾವತ್ತೂ ತಾಳೆಯಾಗುತ್ತಿರಲಿಲ್ಲ.

ಕೂಟ ಕಟ್ಟಿದವಳು ಸಿಸ್ಟರ್. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಹೆಂಗಸು. ಬಾಯಿ ಜೋರು, ಕೈ ಮೆತ್ತಗೆ. ಮಾಜಿ ಬಿಟ್ಟ ಮೊದಲ ವಾರ, ಮೈಯೆಲ್ಲ ಬೆವರಿ, ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿದೆ ಎಂದು ಅವನು ಕಿರುಚುತ್ತಿದ್ದಾಗ ಪಕ್ಕದಲ್ಲಿ ಕೂತು ವಾಂತಿ ಬಳಿದವಳು ಅವಳೇ. ಆಗ ಅವನಿಗೆ ಬೇರೆ ಯಾರೂ ಇರಲಿಲ್ಲ. ಹೆಂಡತಿ ಸತ್ತ ದಿನವೂ ಅವನು ನೆಟ್ಟಗೆ ನಿಂತಿರಲಿಲ್ಲ, ಮಗಳು ಅದಾದ ಮೇಲೆ ಅವನ ಮುಖ ನೋಡುವುದನ್ನೇ ಬಿಟ್ಟಿದ್ದಳು.

ಒಂದು ಗುರುವಾರ ಎಲ್ಲರೂ ಎದ್ದು ಹೋದ ಮೇಲೆ ಸಿಸ್ಟರ್ ಅವನನ್ನು ತಡೆದಳು. ಮೇಜಿನ ಮೇಲೆ ಇಲಾಖೆಯ ಅನುದಾನದ ಫಾರಂ ಇತ್ತು.

"ಹತ್ತೊಂಬತ್ತು ಜನ ಆಗ್ತಾರೆ. ಇಪ್ಪತ್ತು ಬೇಕು" ಎಂದಳು.

"ನನ್ನ ಸೇರಿಸಿದ್ರಾ?"

"ನೀವು ಬರಲ್ಲ. ಬಿಟ್ಟು ಮೂರು ವರ್ಷ ದಾಟಿದ್ರೆ ಮಾಜಿ ವ್ಯಸನಿ ಅಂತೆ. ಅವರಿಗೆ ಹಾಲಿ ವ್ಯಸನಿನೇ ಆಗಬೇಕು."

"ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನಿ."

ಸಿಸ್ಟರ್ ನಗಲಿಲ್ಲ. ಆ ನಿಯಮದ ಪ್ರಕಾರ ಕೂಟ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಅದರ ಬಾಗಿಲು ಮುಚ್ಚುವ ದಿನ ಹತ್ತಿರ ಬರುತ್ತದೆ. ಇಪ್ಪತ್ತು ಜನರನ್ನು ನೀರಿನಿಂದ ಎಳೆದು ದಡಕ್ಕೆ ಹಾಕಿದರೆ, ಇಲ್ಲಿ ಯಾರೂ ಮುಳುಗುತ್ತಿಲ್ಲವಲ್ಲ ಎಂದು ಹಗ್ಗ ಕಿತ್ತುಕೊಂಡು ಹೋಗುತ್ತಾರೆ. ಈ ನಿಯಮ ಬರೆದ ಪುಣ್ಯಾತ್ಮ ಯಾವ ಕೋಣೆಯಲ್ಲಿ ಕೂತಿದ್ದನೋ, ಅವನ ಮನೆಯಲ್ಲಿ ಕುಡುಕರಿರಲಿಲ್ಲ ಎಂಬುದಂತೂ ಖಂಡಿತ.

ಅನುದಾನ ಬಂದರೆ ಕೋಣೆ ಉಳಿಯುತ್ತದೆ. ವಾರಕ್ಕೆರಡು ಸಲ ವೈದ್ಯರು ಬರುತ್ತಾರೆ. ಮೊದಲ ವಾರದ ನಡುಕಕ್ಕೆ ಮಾತ್ರೆ ಇಲ್ಲೇ ಸಿಗುತ್ತದೆ. ಹೋದ ವರ್ಷ ಆ ಮಾತ್ರೆಯಿಲ್ಲದೆ ಒಬ್ಬ ಪ್ಲಂಬರ್ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಿದ್ದ. ಅವನ ಕುರ್ಚಿಯಲ್ಲಿ ಈಗಲೂ ಯಾರೂ ಕೂರುವುದಿಲ್ಲ.

"ಬರೀ ಕಾಗದದ ಮೇಲೆ. ಯಾರು ಕೇಳ್ತಾರೆ" ಎಂದಳು ಸಿಸ್ಟರ್, ಅವನ ಮುಖ ನೋಡದೆ.

ವಾಂತಿ ಬಳಿದವಳು ಒಂದು ಸಹಿ ಕೇಳಿದರೆ ಇಲ್ಲ ಎನ್ನುವ ನಾಲಗೆ ಯಾರಿಗಿದೆ? ಮಾಜಿ ಪೆನ್ನು ತೆಗೆದುಕೊಂಡ. 'ಹಾಲಿ' ಎಂಬ ಪದದ ಮುಂದೆ ಗುರುತು ಹಾಕಿದ. ಸಹಿ ಮಾಡಿದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೆಳಗೆ ಇನ್ನೊಂದು ಸಾಲಿತ್ತು: ಹತ್ತಿರದ ಸಂಬಂಧಿಕರ ವಿಳಾಸ, ಫೋನ್ ನಂಬರ್. ಖಾಲಿ ಬಿಡಬಹುದಿತ್ತು. ಎಷ್ಟೋ ಫಾರಂಗಳಲ್ಲಿ ಆ ಸಾಲನ್ನು ಅವನು ಖಾಲಿ ಬಿಟ್ಟಿದ್ದ. ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಬಾಡಿಗೆ ಕೋಣೆ ಹಿಡಿಯುವಾಗ, 'ಯಾರೂ ಇಲ್ಲ' ಎಂದು ಗೀಟು ಎಳೆದು ಎಳೆದು ಅವನಿಗೆ ಸಾಕಾಗಿಹೋಗಿತ್ತು. ಈಗ ಬರೆಯಲು ಒಬ್ಬಳಿದ್ದಾಳಲ್ಲ! ಮಗಳ ವಿಳಾಸವನ್ನು ಮನೆ ನಂಬರಿನ ಸಮೇತ, ಗಾಜಿನ ಪವರ್ ಬರೆಯುವಷ್ಟು ನೀಟಾಗಿ, ಒಂದೊಂದೇ ಅಕ್ಷರ ಕೂರಿಸಿ ಬರೆದ. ಜಂಬ ಎಂದರೆ ಇದೇ. ಬಡವನ ಜಂಬಕ್ಕೆ ಯಾವಾಗಲೂ ತೆರಿಗೆ ಜಾಸ್ತಿ.

ಮಗಳು ಎರಡು ವರ್ಷದ ಹಿಂದೆ ಮಾತಾಡಲು ಶುರು ಮಾಡಿದ್ದಳು. ಮೊದಲು ಫೋನಿನಲ್ಲಿ, ಆಮೇಲೆ ಹೊಸಿಲ ಹೊರಗೆ, ಆಮೇಲೆ ಒಳಗೆ. ಕಳೆದ ವರ್ಷದಿಂದ ಸೋಮವಾರ, ಬುಧವಾರ ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಕೆಲಸ ಅವನದು. ಆರು ವರ್ಷದ ಆ ಹುಡುಗಿ ಅವನು ಬಿಟ್ಟ ವರ್ಷವೇ ಹುಟ್ಟಿದ್ದು. ತಾತ ತೂರಾಡುವುದನ್ನು ಅವಳು ಕಂಡೇ ಇಲ್ಲ. ಲೋಕದಲ್ಲಿ ಅವನನ್ನು ಬರೀ ತಾತ ಎಂದಷ್ಟೇ ಬಲ್ಲ ಒಂದೇ ಒಂದು ಜೀವ ಅದು. ಮಗಳು ಹಾಕಿದ ಷರತ್ತೂ ಒಂದೇ: "ಒಂದು ಸಲ ಕುಡಿದಿದೀಯ ಅಂತ ಗೊತ್ತಾದ್ರೂ ಅಷ್ಟೇ ಅಪ್ಪ. ಎರಡನೇ ಸಲ ಅನ್ನೋದಿಲ್ಲ."

ಅನುದಾನ ಬಂತು. ವೈದ್ಯರು ಬಂದರು, ಮಾತ್ರೆ ಬಂತು. ಎರಡು ತಿಂಗಳು ಎಲ್ಲ ನೆಟ್ಟಗಿತ್ತು, ಅದರ ಕೊನೆಗೆ ಬಡಗಿಯೂ ಐದನೇ ಸಲ ಬಿಟ್ಟ. ಹೇಳದೆ ಕೇಳದೆ ಬಂದದ್ದು ಇಲಾಖೆಯ ಇನ್ನೊಂದು ನಿಯಮ. ಹಾಲಿ ವ್ಯಸನಿಗಳಲ್ಲಿ ಕೆಲವರನ್ನು ಆರಿಸಿ, ಕುಟುಂಬದವರ ಜೊತೆ ಕೂರಿಸಿ, ವಿಚಾರಿಸಬೇಕಂತೆ. ಹದಿನೆಂಟು ಜನ ಸಂಬಂಧಿಕರ ಸಾಲನ್ನು ಖಾಲಿ ಬಿಟ್ಟಿದ್ದರು, ಬಡಗಿ ಕೊಟ್ಟ ನಂಬರ್ ಸತ್ತುಹೋಗಿತ್ತು. ಉಳಿದದ್ದು ನೀಟಾಗಿ ಬರೆದ ಒಂದೇ ವಿಳಾಸ.

ಆ ಗುರುವಾರ ಮಾಜಿ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ, ಮುಂದಿನ ಕುರ್ಚಿಯಲ್ಲಿ ಮಗಳು ಕೂತಿದ್ದಳು. ಇಲಾಖೆಯವರು ವಿಷಯ ಹೇಳದೆ ಫೋನ್ ಮಾಡಿ ಕರೆದಿದ್ದಕ್ಕೆ ಆಫೀಸಿನಿಂದ ನೇರ ಬಂದಿದ್ದಳು, ಬ್ಯಾಗು ತೊಡೆಯ ಮೇಲೇ ಇತ್ತು. ಅಪ್ಪನನ್ನು ಕಂಡು ನಕ್ಕಳು.

ಇಲಾಖೆಯ ಅಧಿಕಾರಿ ಸಭ್ಯಸ್ಥ, ಆ ಮಾತು ಒಪ್ಪಲೇಬೇಕು. ಎಲ್ಲರಿಗೂ ನಮಸ್ಕಾರ ಹೇಳಿ, ಟ್ಯಾಬ್ ತೆರೆದು, ಮಗಳನ್ನು ಕೇಳಿದ.

"ನಿಮ್ಮ ತಂದೆ ಈಗ ವಾರಕ್ಕೆ ಎಷ್ಟು ದಿನ ಕುಡೀತಾರೆ?"

"ಕುಡಿಯಲ್ಲ. ಬಿಟ್ಟು ಆರು ವರ್ಷ ಆಯ್ತು."

"ಇಲ್ಲಿ ಹಾಲಿ ಅಂತ ಇದೆ. ಸಹಿ ಅವರದೇ, ನೋಡಿ."

ಮಗಳು ನೋಡಿದಳು. "ಏನೋ ತಪ್ಪಾಗಿದೆ" ಎಂದಳು ಗಟ್ಟಿಯಾಗಿ, ಅಪ್ಪನ ಪರ ವಕಾಲತ್ತು ಹಿಡಿದವಳ ಹಾಗೆ. "ನಮ್ಮಪ್ಪ ಹಾಗಲ್ಲ. ಅಪ್ಪ, ನೀನೇ ಹೇಳು ಇವರಿಗೆ."

ಜನ್ಮದಲ್ಲಿ ಅವಳು ಅವನ ಪರವಾಗಿ ಮಾತಾಡಿದ್ದು ಅದೇ ಮೊದಲು.

"ತಪ್ಪಾಗಿದ್ರೆ ತೊಂದರೆ ಇಲ್ಲ, ತಿದ್ದಬಹುದು" ಎಂದ ಅಧಿಕಾರಿ. "ಹತ್ತೊಂಬತ್ತಾಗತ್ತೆ. ಆಮೇಲೆ ಅನುದಾನದ ವಿಷಯ ಮೇಲಿನವರು ನೋಡ್ತಾರೆ."

ಮಾಜಿ ಸಿಸ್ಟರ್ ಕಡೆ ನೋಡಿದ. ಕಾಗದದ ಮೇಲೆ ಅಷ್ಟೇ ಎಂದವಳು ಈಗ ಬಾಯಿ ಬಿಡಬಹುದಿತ್ತು. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಆ ಮುಚ್ಚಳ ಆಗಲೇ ಬಿಗಿಯಾಗಿತ್ತು. ಹಿಂದಿನ ಸಾಲಿನಲ್ಲಿ ಬಡಗಿ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತಿದ್ದ. ಅವತ್ತಿಗೆ ಅವನಿಗೆ ಒಂಬತ್ತನೇ ದಿನ. ಟೀ ತುಳುಕುತ್ತಿತ್ತು, ಆದರೆ ಚೆಲ್ಲುತ್ತಿರಲಿಲ್ಲ. ಬಿಸಿತುಪ್ಪವನ್ನು ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಾಜಿ ನುಂಗಿದ.

"ತಪ್ಪಿಲ್ಲ ಸಾರ್. ಕುಡೀತೀನಿ."

"ವಾರಕ್ಕೆ?"

"ಎರಡು... ಎರಡು ಮೂರು ದಿನ."

"ಸೋಮವಾರನಾ?" ಕೇಳಿದ್ದು ಅಧಿಕಾರಿಯಲ್ಲ, ಮಗಳು.

"ಇಲ್ಲ, ಇಲ್ಲ. ಸೋಮವಾರ ಇಲ್ಲ. ಬುಧವಾರಾನೂ ಇಲ್ಲ" ಎಂದು ಅವನು ತೊದಲಿದ. ಇಪ್ಪತ್ತು ವರ್ಷ ಕುಡಿದು ಕುಡಿದಿಲ್ಲ ಎಂದು ಸುಳ್ಳು ಹೇಳಿ ಪಳಗಿದ್ದವನು, ಕುಡಿಯದೆ ಕುಡಿದೆ ಎನ್ನುವ ಸುಳ್ಳಿನಲ್ಲಿ ಎಡವಿದ. ಆ ತೊದಲು ಮಗಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು.

ಮೆಟ್ಟಿಲ ಅರ್ಧದಲ್ಲಿ ಅವನು ಅವಳನ್ನು ಹಿಡಿದ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು, ಅದು ನಿಲ್ಲುವವರೆಗೆ ಕಾಯಬೇಕಾಯಿತು. ಆಮೇಲೆ ಎಲ್ಲ ಹೇಳಿದ. ಇಪ್ಪತ್ತು ಜನ, ಹಾಲಿ, ಮಾಜಿ, ಸಹಿ, ಬಡಗಿ, ಮಾತ್ರೆ. ಹೇಳುತ್ತ ಹೇಳುತ್ತ ಅವನಿಗೇ ಅದು ಕಟ್ಟಿದ ಕತೆಯಂತೆ ಕೇಳಿಸಿತು.

"ಕುಡಿದಿಲ್ಲ ಕಣಮ್ಮ. ಒಂದು ಹನಿನೂ ಇಲ್ಲ."

"ಒಳಗೆ ಹೇಳಿದ್ದು ಸುಳ್ಳಾ, ಇಲ್ಲಿ ಹೇಳ್ತಿರೋದು ಸುಳ್ಳಾ ಅಪ್ಪ?"

ಅವಳು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಅವನ ಹತ್ತಿರ ಉತ್ತರಕ್ಕೆ ಇದ್ದದ್ದು ಒಂದೇ ಮಾತು, ಕುಡಿದಿಲ್ಲ ಎಂಬುದು. ಅದನ್ನು ಅವನು ಬಾಗಿಲಿಗೆ ಒರಗಿಕೊಂಡು, ಚರಂಡಿಯ ಪಕ್ಕ ಬಿದ್ದುಕೊಂಡು, ಅವಳ ಅಮ್ಮನ ಹೆಣದ ಮುಂದೆ ನಿಂತುಕೊಂಡು ಹೇಳಿ ಹೇಳಿ ಸವೆಸಿಬಿಟ್ಟಿದ್ದ. ಬೇಕಾದ ದಿನ ಅದು ನಡೆಯಲಿಲ್ಲ.

"ಸಿಸ್ಟರನ್ನ ಕೇಳು" ಎಂದ. "ಅವರು ಸುಳ್ಳು ಹೇಳಲ್ಲ."

ಮಗಳು ಮತ್ತೆ ಮೇಲೆ ಹೋದಳು. ಅವನು ಬಾಗಿಲ ಹೊರಗೆ ನಿಂತ. ಅಧಿಕಾರಿ ಇನ್ನೂ ಹೋಗಿರಲಿಲ್ಲ. ಸಿಸ್ಟರ್ ಅವನಿಗೇ ಟೀ ಬಗ್ಗಿಸಿ ಕೊಡುತ್ತಿದ್ದಳು.

"ಸಿಸ್ಟರ್, ನಮ್ಮಪ್ಪ ಕುಡೀತಾರಾ? ನೀವು ಹೇಳಿದ್ರೆ ನಂಬ್ತೀನಿ."

ಸಿಸ್ಟರ್ ಅಧಿಕಾರಿಯನ್ನು ನೋಡಿದಳು. ಸಾಲಾಗಿ ಕೂತಿದ್ದವರನ್ನು ನೋಡಿದಳು. ಬಾಗಿಲ ಕಡೆ ಮಾತ್ರ ನೋಡಲಿಲ್ಲ.

"ಬರೆದಿರೋದೇ ಸರಿ, ಮಗಳೇ" ಎಂದಳು.

ಮಾಜಿಗೆ ಸಿಟ್ಟು ಬಂತು. ಒಳಗೆ ನುಗ್ಗಿ ಆ ಫ್ಲಾಸ್ಕನ್ನು ಗೋಡೆಗೆ ಬಡಿಯಬೇಕು ಎನ್ನುವಷ್ಟು ಸಿಟ್ಟು. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಅರ್ಧ ಗಂಟೆಯ ಹಿಂದೆ ಹೇಳಿಯೂ ಆಯಿತು ಎಂದು ಹೊಳೆದಾಗ ಆ ಸಿಟ್ಟಿಗೂ ಹೋಗಲು ಜಾಗವಿಲ್ಲದಾಯಿತು.

ಮಗಳು ಹೊರಗೆ ಬಂದಳು. ಅಳುತ್ತಿರಲಿಲ್ಲ. ಬ್ಯಾಗಿನಲ್ಲಿ ಏನೋ ಹುಡುಕಿ, ಸಿಗದೆ, ಜಿಪ್ ಎಳೆದಳು.

"ಸೋಮವಾರ ಸ್ಕೂಲಿಗೆ ನಾನೇ ಹೋಗ್ತೀನಿ."

"ಮಗು ಕೇಳಿದ್ರೆ ಏನು ಹೇಳ್ತೀಯ?"

"ತಾತಂಗೆ ಹುಷಾರಿಲ್ಲ ಅಂತೀನಿ" ಎಂದಳು. "ಅಮ್ಮ ನನಗೆ ಅದನ್ನೇ ಹೇಳ್ತಿದ್ದಿದ್ದು."